ಇಲಿ ಬಿದ್ದ ಕಾಲದಿಂದ ಕೊರೊನಾವರೆಗೆ: ಕಾಯಿಲೆಗಳು ಮಲೆನಾಡಿಗೆ ಬಿಟ್ಟುಹೋದದ್ದೇನು?

ನಮ್ಮಜ್ಜಿ ಪ್ಲೇಗಿನ ಕಥೆಯನ್ನು ಯಾವಾಗಲೂ "ಇಲಿ ಬಿತ್ತು" ಅಂತಲೇ ಶುರು ಮಾಡುತ್ತಿದ್ದರು. ಅಟ್ಟದಿಂದ ಸತ್ತ ಇಲಿ ಬಿದ್ದರೆ ಮುಗಿಯಿತು, ಪಾತ್ರೆ ಪಗಡೆ ಕಟ್ಟಿಕೊಂಡು, ದನಕರು ಹೊಡೆದುಕೊಂಡು, ಊರಿಗೆ ಊರೇ ಬ್ಯಾಣಕ್ಕೆ, ಅಂದರೆ ಊರಾಚೆಯ ಹುಲ್ಲುಗಾವಲಿಗೆ ಹೋಗಿ ಸೋಗೆ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಅದು ಅವರು ಅವರಮ್ಮನಿಂದ ಕೇಳಿದ ಕಥೆ.

1896ರಲ್ಲಿ ಮುಂಬೈಗೆ ಬಂದ ಪ್ಲೇಗ್ 1898ರಲ್ಲಿ ಬೆಂಗಳೂರು ಮುಟ್ಟಿತು. ಜನ ಸತ್ತರು, ಊರು ಬಿಟ್ಟರು. ಆದರೆ ಬಸವನಗುಡಿ, ಮಲ್ಲೇಶ್ವರದಂಥ ಅಗಲ ಬೀದಿಯ ಬಡಾವಣೆಗಳು ಬೆಳೆಯಲು ಆ ಭಯವೂ ಒಂದು ಕಾರಣ. ಇಕ್ಕಟ್ಟಾದ ಪೇಟೆಯಲ್ಲಿ ಗಾಳಿ ಬೆಳಕಿಲ್ಲದೆ ಬದುಕಿದರೆ ಏನಾಗುತ್ತದೆ ಅಂತ ಎಲ್ಲರೂ ಕಣ್ಣಾರೆ ಕಂಡಿದ್ದರು. ಆ ಪ್ಲೇಗಿಗಾಗಿ 1897ರಲ್ಲಿ ಆದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿ ಕೊರೊನಾಕ್ಕೂ ಹೊರತೆಗೆದರು.

ಇನ್ನು ನಮ್ಮದೇ ಕಾಯಿಲೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಉಣುಗಿನಿಂದ (ರಕ್ತ ಹೀರುವ ಉಣ್ಣೆ ಹುಳದಿಂದ) ಹರಡುವ ಹೊಸ ವೈರಸ್. ಮಂಗನ ಕಾಯಿಲೆ ಪ್ರಪಂಚವನ್ನೆಲ್ಲ ಸುತ್ತಿದ ಪಿಡುಗಲ್ಲ, ನಿಜ. ಆದರೂ ಅದರಿಂದ ಯಾರೂ ಎಣಿಸದ ಒಂದು ಒಳ್ಳೇದಾಯಿತು. ಈ ವೈರಸ್ಸಿಗೆ ರಷ್ಯಾದ ಕಡೆಯ ಒಂದು ವೈರಸ್ ಹತ್ತಿರದ ನೆಂಟ. ಹಾಗಾದರೆ ವಲಸೆ ಹಕ್ಕಿಗಳೇ ಅಲ್ಲಿಂದ ಹೊತ್ತು ತಂದವಾ ಅಂತ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, 1959ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮುಂದಾಳತ್ವದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುವಾಯಿತು. ನಮ್ಮ ದೇಶಕ್ಕೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅಂತ ಇವತ್ತು ನಮಗೆ ಗೊತ್ತಿರುವುದರಲ್ಲಿ ನಮ್ಮ ಸೊರಬದ ಮಂಗಗಳ ಪಾಲೂ ಇದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಊರಲ್ಲೂ ಒಂದು ಬುದ್ಧಿ ಉಳಿಯಿತು. ಮಂಗ ಸತ್ತು ಬಿದ್ದಿದ್ದರೆ ಯಾರೂ ಮುಟ್ಟುವುದಿಲ್ಲ, ಮೊದಲು ಆಶಾ ಕಾರ್ಯಕರ್ತೆಗೆ ಫೋನ್ ಹೋಗುತ್ತದೆ.

ಕೊರೊನಾ ಬಿಟ್ಟುಹೋದದ್ದನ್ನು ನಾನೇ ನೋಡಿದ್ದೇನೆ. ನಮ್ಮ ಮನೆ ಹಿಂದಿನ ಗುಡ್ಡದ ಮೇಲೆ ಒಂದು ಹಾಸುಬಂಡೆ ಇದೆ. 2020ರ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿ ಅಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಮೊಬೈಲಿಗೆ ಪ್ಲಾಸ್ಟಿಕ್ ಸುತ್ತಿ, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಕ್ಲಾಸ್ ಕೇಳುತ್ತಿದ್ದಳು. ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಅವತ್ತಿನವರೆಗೆ ಟವರ್ ಕೇಳಿದರೆ "ಕಾಡೊಳಗೆ ಯಾಕ್ರೀ ಇಂಟರ್ನೆಟ್ಟು" ಅನ್ನುತ್ತಿದ್ದರು. ಆಮೇಲೆ ಊರವರೆಲ್ಲ ಸೇರಿ ಅರ್ಜಿ ಮೇಲೆ ಅರ್ಜಿ ಕೊಟ್ಟರು. ಈಗ ಟವರ್ ಬಂದಿದೆ, ಬೆಂಗಳೂರಿನಿಂದ ವಾಪಸ್ ಬಂದ ಇಬ್ಬರು ಹುಡುಗರು ತೋಟ ನೋಡಿಕೊಂಡು ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಿದ್ದಾರೆ. ಕಾಯಿಲೆ ತಾನಾಗಿ ಏನೂ ಕೊಡಲಿಲ್ಲ, ಕೇಳುವ ಧೈರ್ಯ ಕೊಟ್ಟಿತು, ಅಷ್ಟೇ.

ಇನ್ನೊಂದನ್ನು ಕೇಳುವುದು ಬಾಕಿ ಇದೆ. ಕೊರೊನಾಕ್ಕೆ ಒಂದು ವರ್ಷದೊಳಗೆ ಲಸಿಕೆ ಬಂತು. ಆಗುವುದಿಲ್ಲ ಅನ್ನುತ್ತಿದ್ದ ವೇಗ ಆಗುತ್ತದೆ ಅಂತ ಗೊತ್ತಾಯಿತಲ್ವಾ? ಮಂಗನ ಕಾಯಿಲೆಗಿದ್ದ ಹಳೇ ಲಸಿಕೆ ಸರಿಯಾಗಿ ಕಾಪಾಡುತ್ತಿಲ್ಲ ಅಂತ ನಿಂತುಹೋಗಿದೆ, ಹೊಸದರ ಕೆಲಸ ನಡೆದಿದೆ. ಅದು ಬರುವವರೆಗೆ ಡಿಸೆಂಬರ್ ಬಂತೆಂದರೆ ನಮ್ಮಮ್ಮ ದರಗು (ಒಣಗಿದ ಎಲೆ) ಗುಡಿಸಿ ತರಲು ಬೆಟ್ಟಕ್ಕೆ ಹೋಗುವ ಮೊದಲು ಜಗಲಿ ಮೇಲೆ ಕೂತು, ಆಸ್ಪತ್ರೆಯವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆಲ್ಲ ಹಚ್ಚಿಕೊಳ್ಳುತ್ತಾರೆ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಆಮೇಲೆ ಸೀರೆಯ ನೆರಿಗೆ ಬಿಡಿಸಿ ಉಣುಗು ಹುಡುಕುವುದು.