ಬಿತ್ತಿದ್ದಕ್ಕೆ ಬಂತೋ, ತಾನಾಗಿ ಬಂತೋ?

ಮೋಡದೊಳಗೆ ರಾಸಾಯನಿಕ ಉದುರಿಸಿ ಮಳೆ ಬರಿಸಲು ನೋಡುವ ಮೋಡ ಬಿತ್ತನೆಯ ಮಾತೆತ್ತಿದರೆ ಸಾಕು, ಜನ ಎರಡು ಪಾಲಾಗುತ್ತಾರೆ. ಮಳೆ ತರಿಸಿಯೇ ಬಿಡಬಹುದು ಎನ್ನುವವರು ಒಂದು ಕಡೆ, ಅದೆಲ್ಲ ಬೊಗಳೆ ಎನ್ನುವವರು ಇನ್ನೊಂದು ಕಡೆ. ಮೋಡದೊಳಗೆ ನಡೆಯುವುದೇನು ಎಂಬ ಪ್ರಶ್ನೆ ಈ ಜಗಳದಲ್ಲಿ ಮರೆತೇ ಹೋಗುತ್ತದೆ.

1802ರಲ್ಲಿ ಲ್ಯೂಕ್ ಹೋವರ್ಡ್ ಮೋಡಗಳಿಗೆ ಹೆಸರಿಟ್ಟರು. 1880ರ ಹೊತ್ತಿಗೆ ಕೂಲಿಯೆ, ಏಟ್ಕನ್ ಎಂಬ ವಿಜ್ಞಾನಿಗಳ ಪ್ರಯೋಗಗಳಿಂದ, ನೀರಾವಿ ಹನಿಗಟ್ಟಲು ಗಾಳಿಯಲ್ಲಿ ಧೂಳಿನ ಕಣಗಳ ಆಸರೆ ಬೇಕೆಂದು ಗೊತ್ತಾಯಿತು. ಆದರೆ ಮೋಡ ಕಟ್ಟಿದ ಮಾತ್ರಕ್ಕೆ ಮಳೆಯಾಗುವುದಿಲ್ಲ. ಒಂದು ಮಳೆಹನಿಗೆ ಮೋಡದ ಸುಮಾರು ಹತ್ತು ಲಕ್ಷ ಹನಿಗಳು ಕೂಡಬೇಕು. ಬೆಚ್ಚಗಿನ ಮೋಡದಲ್ಲಿ ಹನಿಗಳು ಡಿಕ್ಕಿ ಹೊಡೆದು ಒಂದಾಗುತ್ತವೆ. ತಣ್ಣನೆಯ ಮೋಡದ ದಾರಿಯೇ ಬೇರೆ: ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ಉಳಿಯಬಲ್ಲವು, ಕೆಲವೊಮ್ಮೆ ಮೈನಸ್ 38ರವರೆಗೂ. ಅವುಗಳ ನಡುವೆ ಒಂದು ಹಿಮಹರಳು ಮೂಡಿತೋ, ಅದು ಸುತ್ತಲಿನ ಹನಿಗಳ ಆವಿಯನ್ನು ಹೀರಿ ಬೆಳೆಯುತ್ತದೆ, ಭಾರವಾಗಿ ಕೆಳಗಿಳಿಯುತ್ತದೆ, ದಾರಿಯಲ್ಲಿ ಕರಗಿದರೆ ಮಳೆಯಾಗುತ್ತದೆ. ಇದನ್ನು 1930ರ ದಶಕದಲ್ಲಿ ಹವಾಮಾನ ವಿಜ್ಞಾನಿ ಬರ್ಗೆರಾನ್ ವಿವರಿಸಿದರು.

ಕಥೆ ತಿರುವು ಪಡೆದದ್ದು 1946ರಲ್ಲಿ. ಅಮೆರಿಕದ ಸ್ಕೆನೆಕ್ಟಡಿಯ ಪ್ರಯೋಗಾಲಯದಲ್ಲಿ ವಿನ್ಸೆಂಟ್ ಶೇಫರ್ ಒಂದು ಫ್ರೀಜರಿನೊಳಗೆ ಉಸಿರೂದಿ ಪುಟ್ಟ ಮೋಡ ಮಾಡುತ್ತಿದ್ದರು. ಏನೇನೋ ಪುಡಿ ಉದುರಿಸಿ ನೋಡಿದರೂ ಹರಳು ಮೂಡಲೊಲ್ಲದು. ಜುಲೈನ ಸೆಕೆಯಲ್ಲಿ ಪೆಟ್ಟಿಗೆ ಸಾಕಷ್ಟು ತಣ್ಣಗಿಲ್ಲವೆಂದು ಅದರೊಳಗೆ ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ತುಂಡೊಂದನ್ನು ಇಟ್ಟರು. ಕ್ಷಣದಲ್ಲಿ ಪೆಟ್ಟಿಗೆಯ ತುಂಬ ಲಕ್ಷಗಟ್ಟಲೆ ಹರಳು ಮಿನುಗಿದವು! ನವೆಂಬರ್ 13ರಂದು ವಿಮಾನವೇರಿ ನಿಜವಾದ ಮೋಡಕ್ಕೇ ಡ್ರೈ ಐಸ್ ಸುರಿದರು. ಹಿಮ ಉದುರಿತು, ನೆಲ ಮುಟ್ಟುವ ಮೊದಲೇ ಆವಿಯಾಯಿತು. ಅದೇ ತಿಂಗಳು ಅವರ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್, ಹಿಮದ ಹರಳನ್ನೇ ಹೋಲುವ ರಚನೆಯಿರುವ ಸಿಲ್ವರ್ ಅಯೊಡೈಡ್ ಎಂಬ ಬೆಳ್ಳಿಯ ಸಂಯುಕ್ತವನ್ನು ಹುಡುಕಿ ತೆಗೆದರು. ಇಂದಿಗೂ ಹೆಚ್ಚಾಗಿ ಬಳಸುವುದು ಅದನ್ನೇ.

ಪೆಟ್ಟಿಗೆಯಲ್ಲಿ ಕಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಸರವಾದದ್ದು ಆಮೇಲೆ. ಪರೀಕ್ಷೆ ಮುಗಿಯುವ ಮೊದಲೇ ಬಿತ್ತನೆ ವ್ಯಾಪಾರವಾಯಿತು. ಬಿತ್ತಿದ ಮೇಲೆ ಮಳೆ ಬಂದರೆ ಯಶಸ್ಸೆಂದು ಬರೆದುಕೊಳ್ಳಲಾಯಿತು. ಅದೇ ಮೋಡವನ್ನು ಬಿತ್ತದೆ ಬಿಟ್ಟಿದ್ದರೆ ಎಷ್ಟು ಸುರಿಯುತ್ತಿತ್ತು? ಒಂದೇ ಮೋಡವನ್ನು ಎರಡು ಸಲ ಪರೀಕ್ಷಿಸಲು ಬರುವುದಿಲ್ಲ. ದಶಕಗಳ ಗೊಂದಲಕ್ಕೆಲ್ಲ ಇದೇ ಬೇರು ಎಂದು ನನಗನ್ನಿಸುತ್ತದೆ.

ಸ್ಪಷ್ಟವಾದ ಕುರುಹು ಸಿಕ್ಕಿದ್ದು 2017ರ ಚಳಿಗಾಲದಲ್ಲಿ, ಅಮೆರಿಕದ ಐಡಾಹೊ ಬೆಟ್ಟಗಳ ಮೇಲೆ. ವಿಮಾನ ಅತ್ತಿತ್ತ ಹಾರಿ ಬಿತ್ತಿದ ದಾರಿಯ ಗುರುತೇ ರೇಡಾರಿನಲ್ಲಿ ಹಿಮದ ಅಂಕುಡೊಂಕು ಗೆರೆಯಾಗಿ ಮೂಡಿತು. ಆದರೆ ಅವು ಬೆಟ್ಟಕ್ಕೆ ಅಡರಿದ, ಹೆಪ್ಪುಗಟ್ಟದ ತಣ್ಣೀರು ತುಂಬಿದ ಚಳಿಗಾಲದ ಮೋಡಗಳು. ಬೇಸಿಗೆಯಲ್ಲಿ ಗೋಪುರದಂತೆ ಏಳುವ ಮೋಡಗಳಿಗೂ ಈ ಫಲಿತಾಂಶ ಅನ್ವಯಿಸುತ್ತದೆ ಎನ್ನಲಾಗದು. ಇನ್ನು ಮೋಡವೇ ಇಲ್ಲದ ಬರಗಾಲದ ಆಕಾಶದಲ್ಲಿ ಬಿತ್ತುವುದಕ್ಕೆ ಏನೂ ಇರುವುದಿಲ್ಲ.