ಓದುಗರ ಪ್ರಶ್ನೆ: ಮಿಲಿಟರಿಯಲ್ಲಿದ್ದ ಅಭ್ಯರ್ಥಿ ಅಕ್ರಮ ವಲಸೆ ವಿಷಯದಲ್ಲಿ ಖಡಕ್ ಆಗಿರ್ತಾರಾ?

"ಮೇಷ್ಟ್ರೇ, ನಮ್ಮ ಅಳಿಯ ಟೆಕ್ಸಾಸ್‌ನಲ್ಲಿದ್ದಾರೆ. ಈಗ ಅಲ್ಲಿನ ಸಿಟಿಜನ್. ಅಕ್ರಮವಾಗಿ ನುಗ್ಗುವವರನ್ನು ತಡೆಯೋರಿಗೆ ಓಟು ಹಾಕ್ತೀನಿ ಅಂತಾರೆ. ಹಾಗಾದ್ರೆ ಮಿಲಿಟರಿಯಲ್ಲಿದ್ದವರನ್ನು ನೋಡಿ ಹಾಕಿದ್ರೆ ಆಯ್ತು, ಅಲ್ವಾ?"

ಅಲ್ಲ.

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ಯುಗಾದಿಗೆ ಪಂಚಾಂಗ ಬಂದ ಹಾಗೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಹಿಂದಿನ ಉತ್ತರವನ್ನೇ ಹುಡುಕಿ ಕಳಿಸಬಹುದಿತ್ತು. ಆದರೆ "ಸೈನಿಕ ಅಂದ್ರೆ ಗಡಿ, ಗಡಿ ಅಂದ್ರೆ ಸೈನಿಕ" ಅನ್ನುವ ಈ ನಂಬಿಕೆ ಹಲಸಿನ ಮೇಣದ ಹಾಗೆ. ಎಣ್ಣೆ ಹಚ್ಚಿಕೊಂಡೇ ಬಿಡಿಸಬೇಕು. ಹಾಗಾಗಿ ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಬ್ಬ ಮನುಷ್ಯನನ್ನು ನೋಡೋಣ. ಜಾನ್ ಮೆಕೇನ್. ನೌಕಾಪಡೆಯ ಪೈಲಟ್. 1967ರ ಅಕ್ಟೋಬರ್ 26ರಂದು ಹನೋಯ್ ಮೇಲೆ ಇವರ ವಿಮಾನಕ್ಕೆ ಏಟು ಬಿತ್ತು. ಪ್ಯಾರಾಶೂಟಿನಲ್ಲಿ ಹೋಗಿ ಕೆರೆಯೊಂದಕ್ಕೆ ಬಿದ್ದರು. ಎರಡೂ ಕೈ, ಒಂದು ಕಾಲು ಮುರಿದಿತ್ತು. ಅಪ್ಪ ದೊಡ್ಡ ಅಡ್ಮಿರಲ್. ಹಾಗಾಗಿ ವಿಯೆಟ್ನಾಂನವರು ಬೇಗ ಬಿಟ್ಟುಬಿಡುತ್ತೇವೆ ಅಂದರು. ನನಗಿಂತ ಮೊದಲು ಸಿಕ್ಕಿಬಿದ್ದವರನ್ನು ಮೊದಲು ಬಿಡಿ ಎಂದು ಇವರು ಒಪ್ಪಲಿಲ್ಲ. ಐದೂವರೆ ವರ್ಷ ಸೆರೆಯಲ್ಲಿದ್ದು, 1973ರ ಮಾರ್ಚ್‌ನಲ್ಲಿ ಹೊರಗೆ ಬಂದರು. ಸೇನಾ ದಾಖಲೆ ಅಂದರೆ ಇದಕ್ಕಿಂತ ದೊಡ್ಡದು ಏನು ಬೇಕು ಹೇಳಿ? ಸಾಲದ್ದಕ್ಕೆ ಇವರು ಅರಿಜೋನಾದ ರಿಪಬ್ಲಿಕನ್ ಸೆನೆಟರ್ (ಮೇಲ್ಮನೆ ಸದಸ್ಯ) ಆಗಿದ್ದವರು. ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ರಾಜ್ಯ.

ನಿಮ್ಮ ಲೆಕ್ಕದಲ್ಲಿ ಇವರು ಗಡಿಗೆ ಗೋಡೆ ಕಟ್ಟಿಸಿ, ಎಲ್ಲರನ್ನೂ ಆಚೆ ಅಟ್ಟಬೇಕಿತ್ತು. ಆದದ್ದು ಬೇರೆ. 2005ರಲ್ಲಿ ಇವರು ಡೆಮಾಕ್ರಟ್ ಪಕ್ಷದ ಟೆಡ್ ಕೆನಡಿ ಜೊತೆ ಸೇರಿ ಒಂದು ಮಸೂದೆ ತಂದರು. ಅಕ್ರಮವಾಗಿ ಬಂದವರೂ ದಂಡ ಕಟ್ಟಿ, ಕೆಲವು ವರ್ಷ ಕಾದು, ಕೊನೆಗೆ ಪೌರರಾಗಲು ದಾರಿ ಮಾಡಿಕೊಡುವ ಮಸೂದೆ ಅದು. ಪಾಸಾಗಲಿಲ್ಲ. 2008ರ ಜನವರಿಯಲ್ಲಿ ಅಧ್ಯಕ್ಷ ಸ್ಥಾನದ ಟಿಕೆಟ್‌ಗೆ ಓಡಾಡುತ್ತಿದ್ದಾಗ, "ಅದೇ ಮಸೂದೆ ಈಗ ಬಂದರೆ ಓಟು ಹಾಕ್ತೀರಾ?" ಎಂದು ಇವರನ್ನು ಕೇಳಿದರು. ಇಲ್ಲ ಅಂದರು. ತಮ್ಮದೇ ಮಸೂದೆಗೆ! 2010ರಲ್ಲಿ ಸ್ವಂತ ಪಕ್ಷದಲ್ಲೇ ಜೆ. ಡಿ. ಹೇವರ್ತ್ ಎಂಬ ಕಟ್ಟರ್ ವಾದಿ ಎದುರು ನಿಂತರು. ಆಗ ಮೆಕೇನ್ ಗಡಿಯಲ್ಲಿ ಶೆರಿಫ್ ಜೊತೆ ನಡೆಯುತ್ತಾ, ಆ ಬೇಲಿ ಕೆಲಸ ಮುಗಿಸಿ ಎಂದು ಗುಡುಗುವ ಟಿವಿ ಜಾಹೀರಾತು ಬಂತು. ಗೆದ್ದರು. 2013ರಲ್ಲಿ ಮತ್ತೆ ಪೌರತ್ವದ ದಾರಿ ಇರುವ ಮಸೂದೆ ಬರೆದ ಎಂಟು ಸೆನೆಟರ್‌ಗಳಲ್ಲಿ ಇವರೂ ಒಬ್ಬರು. ಅದು ಸೆನೆಟ್‌ನಲ್ಲಿ 68–32ರಲ್ಲಿ ಪಾಸಾಯಿತು. ಕೆಳಮನೆ ಅದನ್ನು ಕೈಗೇ ಎತ್ತಿಕೊಳ್ಳಲಿಲ್ಲ.

ಈಗ ಹೇಳಿ. 2005, 2010, 2013. ಎದೆ ಮೇಲಿನ ಪದಕ ಅವೇ, ಮುರಿದು ಕೂಡಿದ ಕೈಗಳೂ ಅವೇ. ನಿಲುವು ಮಾತ್ರ ಎರಡು ಸಲ ಹೊರಳಿತು. ಅದನ್ನು ಹೊರಳಿಸಿದ್ದು ಎದುರಿಗೆ ಯಾರು ನಿಂತಿದ್ದಾರೆ, ಆ ವರ್ಷ ಯಾರ ಓಟು ಬೇಕು ಅನ್ನುವುದು. ಕ್ಲಾಸಿನಲ್ಲಿ ನಾನು ಹೇಳುತ್ತಿದ್ದುದೂ ಇದೇ: ಬದಲಾಗದೆ ಕೂತಿರುವ ವಸ್ತುವಿನಿಂದ ಬದಲಾವಣೆಯನ್ನು ವಿವರಿಸಬೇಡಿ. ಹಿಂದಿನ ಬೆಂಚಿನವರಿಗೂ ಇದು ಅರ್ಥವಾಗುತ್ತಿತ್ತು.

ಒಬ್ಬರ ಕಥೆ ಸಾಲದು ಅನ್ನುತ್ತೀರಾ? 2008ರ ರಿಪಬ್ಲಿಕನ್ ಟಿಕೆಟ್‌ಗೆ ಓಡಿದವರನ್ನೇ ಸಾಲಾಗಿ ನಿಲ್ಲಿಸೋಣ. ಡಂಕನ್ ಹಂಟರ್ ವಿಯೆಟ್ನಾಂನಲ್ಲಿ ಸೇವೆ ಮಾಡಿದವರು. ಸ್ಯಾನ್ ಡಿಯಾಗೋ ಗಡಿಗೆ ಬೇಲಿ ಬೇಕೆಂದು ಪಟ್ಟು ಹಿಡಿದವರು. ಇವರೊಬ್ಬರು ನಿಮ್ಮ ಕಡೆ. ಆದರೆ ಅಕ್ರಮ ವಲಸೆ ಬಗ್ಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಟಾಮ್ ಟಾಂಕ್ರೇಡೋ. ಅವರಿಗೆ ವಿಯೆಟ್ನಾಂ ಕಾಲದಲ್ಲಿ ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಸಿಕ್ಕಿತ್ತು, ಸೇನೆಗೆ ಹೋಗಲೇ ಇಲ್ಲ. ಮಿಟ್ ರಾಮ್ನಿ ಆ ಕಾಲದಲ್ಲಿ ಫ್ರಾನ್ಸಿನಲ್ಲಿ ಧರ್ಮಪ್ರಚಾರದಲ್ಲಿದ್ದರು. ವಲಸೆ ವಿಷಯದಲ್ಲಿ ಅವರೂ ಖಡಕ್. ರೂಡಿ ಜೂಲಿಯಾನಿ ಕೂಡ ಸೇನೆಗೆ ಹೋದವರಲ್ಲ. ಆದರೆ ನ್ಯೂಯಾರ್ಕ್ ಮೇಯರ್ ಆಗಿದ್ದಾಗ, ಕಾಗದವಿಲ್ಲದವರ (ಅಕ್ರಮವಾಗಿ ಇರುವವರ) ಮಾಹಿತಿಯನ್ನು ಕೇಂದ್ರಕ್ಕೆ ಕೊಡುವುದಿಲ್ಲ ಎಂಬ ನಗರದ ನಿಯಮ ಉಳಿಸಿಕೊಳ್ಳಲು ಕೇಂದ್ರ ಸರ್ಕಾರದ ಮೇಲೇ ಕೇಸು ಹಾಕಿದವರು. ಹೋದವರು, ಹೋಗದವರು, ಖಡಕ್ಕು, ಮೆತ್ತಗೆ — ನಾಲ್ಕೂ ಕಲಸಿಹೋಗಿವೆ.

2024ರಲ್ಲಂತೂ ದೇವರೇ ಉದಾಹರಣೆ ಮಾಡಿಕೊಟ್ಟ ಹಾಗಿತ್ತು. ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರೂ ಸಮವಸ್ತ್ರ ತೊಟ್ಟವರೇ. ಜೆ. ಡಿ. ವ್ಯಾನ್ಸ್ 2003ರಿಂದ 2007ರವರೆಗೆ ಮರೀನ್ ಪಡೆಯಲ್ಲಿದ್ದರು. ಇರಾಕ್‌ಗೆ ಹೋಗಿ ಸೇನೆಯ ಪ್ರಚಾರ ವಿಭಾಗದಲ್ಲಿ ಕೆಲಸ ಮಾಡಿದರು. ಟಿಮ್ ವಾಲ್ಜ್ 24 ವರ್ಷ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನಲ್ಲಿದ್ದು 2005ರಲ್ಲಿ ನಿವೃತ್ತರಾದರು. ಒಬ್ಬರು ಅಕ್ರಮವಾಗಿ ಇರುವವರನ್ನು ದೊಡ್ಡ ಸಂಖ್ಯೆಯಲ್ಲಿ ಹೊರಹಾಕುತ್ತೇವೆ ಅಂದರು. ಇನ್ನೊಬ್ಬರು ಮಿನ್ನೆಸೋಟ ಗವರ್ನರ್ ಆಗಿ 2023ರಲ್ಲಿ ಕಾಗದವಿಲ್ಲದವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಾನೂನಿಗೆ ಸಹಿ ಹಾಕಿದ್ದರು. ಇಬ್ಬರ ಸೇನಾ ದಾಖಲೆ ಬಗ್ಗೆ ವಾರಗಟ್ಟಲೆ ಜಗಳ ನಡೆಯಿತು. ವಾಲ್ಜ್ ಯುದ್ಧಭೂಮಿಗೇ ಹೋಗದೆ, ಯುದ್ಧದಲ್ಲಿ ಬಂದೂಕು ಹಿಡಿದಿದ್ದೆ ಅನ್ನುವ ಹಾಗೆ ಹಿಂದೊಮ್ಮೆ ಮಾತಾಡಿದ್ದರು. ಅದು ತಪ್ಪೇ. ಆದರೆ ಆ ಜಗಳದಿಂದ ವಲಸೆ ಬಗ್ಗೆ ಮತದಾರನಿಗೆ ತಿಳಿದದ್ದು ಸೊನ್ನೆ.

ಇನ್ನು ಸೇನೆಯ ಬಾಗಿಲು ನೋಡದ ಅಧ್ಯಕ್ಷರು. 1996ರಲ್ಲಿ ಗಡೀಪಾರನ್ನು ತುಂಬಾ ಸುಲಭ ಮಾಡಿದ ಕಾನೂನಿಗೆ ಸಹಿ ಹಾಕಿದ್ದು ಬಿಲ್ ಕ್ಲಿಂಟನ್. ಎರಡು ಅವಧಿಯಲ್ಲಿ 30 ಲಕ್ಷದ ಆಸುಪಾಸು ಜನರನ್ನು ವಾಪಸ್ ಕಳಿಸಿದ್ದು ಒಬಾಮ ಸರ್ಕಾರ. ವಿಯೆಟ್ನಾಂ ಕಾಲದಲ್ಲಿ ಐದು ಸಲ ವಿನಾಯಿತಿ ಪಡೆದ, ಕೊನೆಯದನ್ನು ಹಿಮ್ಮಡಿಯ ಮೂಳೆ ಬೆಳೆದಿದೆ ಎಂದು ಪಡೆದ ಟ್ರಂಪ್ ಬಗ್ಗೆ ನಾನು ಹೇಳಬೇಕಾ? ಅದೇ ಎರಡನೇ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದ ರೇಗನ್ (ಕಣ್ಣು ಸರಿಯಿಲ್ಲವೆಂದು ಯುದ್ಧಕ್ಕೆ ಕಳಿಸಲಿಲ್ಲ, ತರಬೇತಿ ಸಿನಿಮಾ ಮಾಡಿಸಿದರು) 1986ರಲ್ಲಿ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಜನ ಸಕ್ರಮವಾದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಕ್ರಮ-ಸಕ್ರಮ. ನಿವೇಶನಕ್ಕಲ್ಲ, ಮನುಷ್ಯರಿಗೆ.

ನಿಮ್ಮ ಪರವಾಗಿ ಒಂದು ದೊಡ್ಡ ಹೆಸರು ಇದೆ, ಮುಚ್ಚಿಡುವುದಿಲ್ಲ. ಜನರಲ್ ಐಸೆನ್‌ಹೋವರ್. 1954ರಲ್ಲಿ ಅವರ ಸರ್ಕಾರ ಮೆಕ್ಸಿಕೋದವರನ್ನು ಹಿಡಿದು ಹಿಡಿದು ಗಡಿಯಾಚೆ ಬಿಟ್ಟಿತು. ಅದನ್ನು ನಡೆಸಿದ್ದೂ ನಿವೃತ್ತ ಜನರಲ್ ಜೋಸೆಫ್ ಸ್ವಿಂಗ್. ಆದರೆ ಅದೇ ವರ್ಷಗಳಲ್ಲಿ ಅದೇ ಸರ್ಕಾರ ಇನ್ನೊಂದು ಬಾಗಿಲಿನಿಂದ ಲಕ್ಷಗಟ್ಟಲೆ ಮೆಕ್ಸಿಕೋ ಕೂಲಿಗಳನ್ನು ಕಾನೂನುಬದ್ಧವಾಗಿ ಹೊಲಗಳಿಗೆ ಕರೆಸಿಕೊಳ್ಳುತ್ತಿತ್ತು. ರೈತರಿಗೆ ಆಳು ಬೇಕಿತ್ತು.

ಈ ತಪ್ಪು ನಮಗೆ ಎಲ್ಲಿಂದ ಅಂಟಿತು ಅನ್ನುವುದು ನನಗೆ ಗೊತ್ತು. ನಮ್ಮ ಮನಸ್ಸಿನಲ್ಲಿ ಗಡಿ ಅಂದರೆ ಕಾರ್ಗಿಲ್, ಸಿಯಾಚಿನ್. ಹಿಮದಲ್ಲಿ ನಿಂತ ಯೋಧ, ಆಚೆ ಶತ್ರು. ಅಮೆರಿಕದ ದಕ್ಷಿಣ ಗಡಿ ಹಾಗಲ್ಲ. ಆಚೆ ಶತ್ರು ಸೈನ್ಯ ಇಲ್ಲ. ಸುಮಾರು 3,100 ಕಿಲೋಮೀಟರ್ ಉದ್ದದ ಆ ಗಡಿಯನ್ನು ಕಾಯುವ ಕೆಲಸ 1924ರಲ್ಲಿ ಶುರುವಾದ ಬಾರ್ಡರ್ ಪ್ಯಾಟ್ರೋಲ್‌ನದು. ಅದು ಸೇನೆ ಅಲ್ಲ, ಒಂದು ಬಗೆಯ ಪೊಲೀಸ್. ಸೇನೆ ಪೊಲೀಸ್ ಕೆಲಸ ಮಾಡದಂತೆ 1878ರಿಂದಲೇ ಕಾನೂನಿನ ಕಡಿವಾಣವಿದೆ. 2006ರಲ್ಲಿ ಆಗಿನ ಅಧ್ಯಕ್ಷ ಕಿರಿಯ ಬುಷ್ ಸುಮಾರು 6,000 ನ್ಯಾಷನಲ್ ಗಾರ್ಡ್ ಸಿಬ್ಬಂದಿಯನ್ನು ಗಡಿಗೆ ಕಳಿಸಿದಾಗಲೂ ಅವರು ರಸ್ತೆ ಮಾಡಿದರು, ಬೇಲಿ ಹಾಕಿದರು, ಕ್ಯಾಮೆರಾ ನೋಡಿದರು. ಹಿಡಿಯುವ ಕೆಲಸ ಪ್ಯಾಟ್ರೋಲ್‌ನದೇ. ಹನೋಯ್ ಮೇಲೆ ಬಾಂಬು ಹಾಕಿದವನಿಗೆ ವೀಸಾ ಕಾನೂನು ಜಾಸ್ತಿ ಗೊತ್ತಿರಬೇಕು ಅನ್ನುವುದು, ಒಳ್ಳೆ ಬಸ್ ಡ್ರೈವರ್‌ಗೆ ಟಿಕೆಟ್ ದರ ನಿಗದಿ ಮಾಡಲೂ ಬರುತ್ತದೆ ಅಂದ ಹಾಗೆ.

(ಮತದಾರರೂ ಪದಕ ನೋಡಿ ಓಟು ಹಾಕಿದವರಲ್ಲ. ಕ್ಲಿಂಟನ್ ಸೋಲಿಸಿದ್ದು ಮಹಾಯುದ್ಧದ ಇಬ್ಬರು ಯೋಧರನ್ನು — ಹಿರಿಯ ಬುಷ್, ಬಾಬ್ ಡೋಲ್. ಒಬಾಮ ಸೋಲಿಸಿದ್ದು ಮೆಕೇನ್‌ರನ್ನು. ನಮ್ಮಲ್ಲಿ ಮಾತ್ರ ಬೇರೆ ಏನಾಯಿತು? ಕೊಡಗಿನ ನಮ್ಮ ಕಾರ್ಯಪ್ಪನವರೇ 1971ರಲ್ಲಿ ಮುಂಬೈಯಲ್ಲಿ ಲೋಕಸಭೆಗೆ ನಿಂತು ಸೋತರು.)

ಹಾಗಾದರೆ ನಿಮ್ಮ ಅಳಿಯ ಏನು ನೋಡಬೇಕು? ಅಭ್ಯರ್ಥಿ ಹಿಂದೆ ಯಾವ ಮಸೂದೆಗೆ ಓಟು ಹಾಕಿದರು, ಗವರ್ನರ್ ಆಗಿದ್ದರೆ ಯಾವುದಕ್ಕೆ ಸಹಿ ಹಾಕಿದರು ಅನ್ನುವುದನ್ನು. ಅದೆಲ್ಲ ಬಹಿರಂಗ, ಹತ್ತು ನಿಮಿಷದ ಕೆಲಸ.

ಸೇನೆ ಮತ್ತು ವಲಸೆ ನಿಜವಾಗಿ ಕೂಡುವ ಜಾಗ ಬೇರೆ ಇದೆ. ಅದನ್ನು ಯಾರೂ ಕೇಳುವುದೇ ಇಲ್ಲ. ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿದೆ. ಆದರೆ ಮುಂದೆ ಬೇಕಾದರೆ ಇರಲಿ ಅಂತ ಹುಡುಗರ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದಾರೆ, ಸೆಲೆಕ್ಟಿವ್ ಸರ್ವಿಸ್ ಅಂತ. 18ರಿಂದ 25 ವರ್ಷದ ಗಂಡುಮಕ್ಕಳ ಹೆಸರು ಅದರಲ್ಲಿರಬೇಕು. ಪೌರರದ್ದಷ್ಟೇ ಅಲ್ಲ, ಗ್ರೀನ್‌ಕಾರ್ಡ್ ಇರುವವರದ್ದೂ. ತಮಾಷೆ ಅಂದರೆ, ಕಾಗದವೇ ಇಲ್ಲದೆ ಅಕ್ರಮವಾಗಿ ಇರುವವರದ್ದೂ! ನೀನು ಈ ದೇಶದಲ್ಲಿ ಇರಕೂಡದು ಅನ್ನುವ ಸರ್ಕಾರವೇ, ಯುದ್ಧ ಬಂದರೆ ಬೇಕಾಗಬಹುದು ಹೆಸರು ಬರೆಸು ಅನ್ನುತ್ತದೆ. ಆದರೆ ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಸರಿಯಾಗಿ ಇರುವ ನಮ್ಮ ಟೆಕ್ಕಿಗಳ ಮಗ ಬರೆಸಬೇಕಿಲ್ಲ. 26 ತುಂಬುವ ಮೊದಲು ಅವನಿಗೆ ಗ್ರೀನ್‌ಕಾರ್ಡ್ ಬಂತೋ, ಆಗ ಬೇಕು. ಬೇಕಂತಲೇ ತಪ್ಪಿಸಿಕೊಂಡಿದ್ದರೆ ಮುಂದೆ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು.

ಗ್ರೀನ್‌ಕಾರ್ಡ್ ಇದ್ದವರು ಸೇನೆಗೆ ಸೇರಲೂಬಹುದು. ಸೇರಿದ ಮಾತ್ರಕ್ಕೆ ಪೌರತ್ವ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಹಾಕದೆ ಮರೆತು, ಸೇವೆ ಮುಗಿಸಿ ಬಂದ ಮೇಲೆ ಯಾವುದೋ ಅಪರಾಧದಲ್ಲಿ ಸಿಕ್ಕಿಬಿದ್ದು, ಕ್ಲಿಂಟನ್ ಸಹಿ ಹಾಕಿದ ಆ 1996ರ ಕಾನೂನಿನ ಬಿಗಿಯಲ್ಲಿ ಗಡೀಪಾರಾದ ಮಾಜಿ ಸೈನಿಕರು ಇದ್ದಾರೆ. ಮೆಕ್ಸಿಕೋದ ಟಿಹುವಾನಾ ಊರಿನಲ್ಲಿ ಅಂಥವರಿಗೆಂದೇ ಒಂದು ಆಸರೆ ಮನೆ ನಡೆದಿದೆ. ಇರಾಕ್‌ನಲ್ಲಿ ಎರಡೂ ಕಾಲು ಕಳೆದುಕೊಂಡ ಸೆನೆಟರ್ ಟ್ಯಾಮಿ ಡಕ್‌ವರ್ತ್ ಇಂಥ ಮಾಜಿ ಸೈನಿಕರನ್ನು ವಾಪಸ್ ಕರೆಸಲು ಮಸೂದೆ ತಂದರು.

ಅಂದಹಾಗೆ, ಮೊಮ್ಮಗನಿಗೆ ಎಷ್ಟು ವಯಸ್ಸು? 18 ತುಂಬಿದ್ದರೆ, ಆ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಈ ಭಾನುವಾರ ಫೋನ್ ಮಾಡಿದಾಗ ಅಳಿಯಂದಿರನ್ನು ಒಂದು ಮಾತು ಕೇಳಿ.