ಮುಂಗಡ ಕೊಟ್ಟವರ ಸಿಟ್ಟು: ಪುಟ್ಟ ಕಂಪನಿಗಳ ಗೇಮ್ ಯಂತ್ರ, ಏರುವ ಬೆಲೆ, ಮುಗಿಯದ ಕಾಯುವಿಕೆ

2020ರ ಲಾಕ್‌ಡೌನ್ ಹೊತ್ತಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಬಂದವರಲ್ಲಿ ಕೆಲವರು ಮತ್ತೆ ವಾಪಸ್ ಹೋಗಲೇ ಇಲ್ಲ. ಇತ್ತ ಕಾರವಾರದಲ್ಲಿ ಕೈಗಾದ ಎಂಜಿನಿಯರುಗಳು, ನೌಕಾನೆಲೆಯ ಕುಟುಂಬಗಳು ಮೊದಲಿನಿಂದಲೂ ಇವೆ. ಈ ಎರಡೂ ಕಡೆ ಒಂದು ಸಣ್ಣ ಹವ್ಯಾಸ ಬೇರು ಬಿಟ್ಟಿದೆ. ಅದು ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಅಂದರೆ ಹ್ಯಾಂಡ್‌ಹೆಲ್ಡ್. ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಿ ಕೊಂಡ ಬ್ರಿಕ್ ಗೇಮ್ ಹಿಡಿದು ಬೆಳೆದವರಿಗೆ ಇದು ಹೊಸ ಹುಚ್ಚೇನೂ ಅಲ್ಲ. ಆದರೆ ಇವರಿಗೆ ಬೇಕಾದ ಯಂತ್ರಗಳು ದೊಡ್ಡ ಕಂಪನಿಯವಲ್ಲ, ಅಂಗಡಿಗೆ ಬರುವಂಥವೂ ಅಲ್ಲ. ಎಲ್ಲೋ ದೂರದ ಊರಿನಲ್ಲಿ ಬೆರಳೆಣಿಕೆಯ ಜನ ಸೇರಿ ಮಾಡುವ ಯಂತ್ರಗಳು ಅವು. ಮೊದಲು ದುಡ್ಡು ಕಟ್ಟಬೇಕು, ಆಮೇಲೆ ಕಾಯಬೇಕು.

ಇವರ ದೂರುಗಳೆಲ್ಲ ಒಂದೇ ತೆರನಾಗಿವೆ. ಹೇಳಿದ ಬೆಲೆ ಒಂದು, ಕೊನೆಗೆ ಕೊಟ್ಟದ್ದು ಇನ್ನೊಂದು. ಹೇಳಿದ ತಿಂಗಳು ಬಂತು, ಹೋಯಿತು. ಇಮೇಲ್‌ಗೆ ಉತ್ತರ ಬರಲಿಲ್ಲ. ಶಿರಸಿಯ ನನ್ನ ಪರಿಚಯದ ಹುಡುಗನೊಬ್ಬ ವಿದೇಶದ ಒಂದು ಸಣ್ಣ ಕಂಪನಿಗೆ ಪೂರ್ತಿ ಹಣ ಕಟ್ಟಿ ಕೂತಿದ್ದಾನೆ. ಅದೇ ಯಂತ್ರ ಬೇರೊಂದು ಬಣ್ಣದಲ್ಲಿ, ಹೆಚ್ಚಿನ ಬೆಲೆಗೆ, 'ತಕ್ಷಣ ರವಾನೆ' ಎಂಬ ಹಣೆಪಟ್ಟಿಯೊಂದಿಗೆ ಮಾರಾಟಕ್ಕೆ ಬಂದದ್ದನ್ನು ಕಂಡಾಗ ಅವನಿಗೆ ಬಂದ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನ ಹಿಂದೆ ಹದಿನೇಳು ವರ್ಷಕ್ಕೂ ಮಿಕ್ಕಿದ ಕಥೆಯಿದೆ.

ನಮ್ಮ ಕಡೆ ಅಡಿಕೆ ತೋಟವನ್ನು ಫಲಗುತ್ತಿಗೆಗೆ ಕೊಡುವ ಕ್ರಮ ಎಲ್ಲರಿಗೂ ಗೊತ್ತು. ಗುತ್ತಿಗೆ ಹಿಡಿಯುವವನು ತೋಟಕ್ಕೆ ಬಂದು ಮರ ನೋಡುತ್ತಾನೆ, ಗೊನೆ ಎಣಿಸುತ್ತಾನೆ, ಕೊಳೆರೋಗ ಬಂದರೆ ನಷ್ಟ ಯಾರ ಪಾಲಿಗೆಂದು ಮೊದಲೇ ಮಾತಾಡಿಕೊಳ್ಳುತ್ತಾನೆ. ಬೆಳೆ ಕೈಗೆ ಬರುವ ಮೊದಲೇ ಹಣ ಕೊಡುವವನು ತಾನು ಅಪಾಯವನ್ನೂ ಕೊಂಡುಕೊಳ್ಳುತ್ತಿದ್ದೇನೆ ಎಂಬುದನ್ನು ಅರಿತೇ ಕೊಡುತ್ತಾನೆ. ಪ್ರೀ-ಆರ್ಡರ್‌ನಲ್ಲಿಯೂ, ಅಂದರೆ ಯಂತ್ರ ತಯಾರಾಗುವ ಮೊದಲೇ ದುಡ್ಡು ಕಟ್ಟುವುದರಲ್ಲಿಯೂ, ನಡೆಯುವುದು ಇದೇ ವ್ಯವಹಾರ. ಆದರೆ ಅದನ್ನು 'ಖರೀದಿ' ಎಂದು ತೋರಿಸಲಾಗುತ್ತದೆ. ಕಟ್ಟಿದ ಹಣ ಕಂಪನಿಯ ದುಡಿಯುವ ಬಂಡವಾಳವಾಗುತ್ತದೆ. ಅಪಾಯ ಗ್ರಾಹಕನ ಹೆಗಲೇರುತ್ತದೆ. ತೋಟ ಮಾತ್ರ ಅವನ ಕಣ್ಣಿಗೆ ಬೀಳುವುದಿಲ್ಲ. ಬೆಲೆಯ ಜಗಳ, ವಿಳಂಬದ ಜಗಳ ಎರಡೂ ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಥೆಯ ಮೊದಲ ದೊಡ್ಡ ಅಧ್ಯಾಯ 'ಪಂಡೋರಾ'. ಕೊರಿಯಾದಲ್ಲಿ 2005ರಲ್ಲಿ ಬಂದ ಜಿಪಿ2ಎಕ್ಸ್ ಎಂಬ, ಲಿನಕ್ಸ್ ತಂತ್ರಾಂಶದಲ್ಲಿ ಓಡುವ ಹ್ಯಾಂಡ್‌ಹೆಲ್ಡ್‌ನ ಅಭಿಮಾನಿಗಳು, ಅದನ್ನು ಯುರೋಪಿನಲ್ಲಿ ಮಾರುತ್ತಿದ್ದವರು ಸೇರಿ, ಇದಕ್ಕಿಂತ ಒಳ್ಳೆಯದನ್ನು ನಾವೇ ಮಾಡೋಣ ಎಂದು ಹೊರಟರು. ಕೀಬೋರ್ಡ್ ಇರುವ, ಜೇಬಿನಲ್ಲಿ ಹಿಡಿಯುವ ಪೂರ್ತಿ ಕಂಪ್ಯೂಟರ್ ಅದು. 2008ರ ಸೆಪ್ಟೆಂಬರ್ 30ರಂದು ಮೊದಲ 4,000 ಯಂತ್ರಗಳಿಗೆ ಮುಂಗಡ ತೆರೆದರು. ಬೆಲೆ ಸುಮಾರು 330 ಡಾಲರ್. ಆಗಿನ ಲೆಕ್ಕದಲ್ಲಿ 15 ಸಾವಿರ ರೂಪಾಯಿಗೂ ಮೇಲೆ. ಕೆಲವೇ ತಿಂಗಳಲ್ಲಿ ಯಂತ್ರ ಕೈಸೇರುತ್ತದೆ ಎಂದು ಜನ ನಂಬಿದ್ದರು. ಮೊದಲ ಯಂತ್ರಗಳು ಹೊರಟದ್ದು 2010ರ ಮೇ ತಿಂಗಳಲ್ಲಿ.

ಅಷ್ಟು ತಡವಾದದ್ದೇಕೆ? ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಪ್ಲಾಸ್ಟಿಕ್ ಕವಚದ ಅಚ್ಚು ಸರಿಯಾಗಲೇ ಇಲ್ಲ. ತಿದ್ದಿ ಮತ್ತೆ ತೆಗೆದು, ಮತ್ತೆ ತಿದ್ದಿದರು. ಅಚ್ಚು ಉಕ್ಕಿನದು. ಅದನ್ನು ಕೊರೆಯಲು ಲಕ್ಷಗಟ್ಟಲೆ ರೂಪಾಯಿ ಬೇಕು, ಒಂದು ಕೂದಲೆಳೆ ತಪ್ಪಾದರೂ ಮುಚ್ಚಳ ಕೂರುವುದಿಲ್ಲ. ಮಾದರಿ ಯಂತ್ರ ಒಂದನ್ನು ಕೈಯಲ್ಲಿ ಜೋಡಿಸಿ ವಿಡಿಯೊ ಮಾಡುವುದಕ್ಕೂ ಅದನ್ನೇ ಸಾವಿರಗಟ್ಟಲೆ ತಯಾರಿಸುವುದಕ್ಕೂ ಇರುವ ಅಂತರ ಈ ಅಚ್ಚಿನಲ್ಲೇ ಮೊದಲು ಗೊತ್ತಾಗುತ್ತದೆ. ಆಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿ ಜೋಡಿಸಿದ ಸರ್ಕ್ಯೂಟ್ ಬೋರ್ಡುಗಳಲ್ಲಿ ದೋಷ ಕಂಡುಬಂತು. ಕೆಟ್ಟ ಬೋರ್ಡಿಗೂ ಹಣ ಹೋಗಿತ್ತು. ತಯಾರಿಕೆಯನ್ನು 2011ರಲ್ಲಿ ಜರ್ಮನಿಗೆ ಒಯ್ದರು. ಅಲ್ಲಿ ಕೆಲಸ ಚೆನ್ನಾಗಿತ್ತು, ಖರ್ಚು ಜಾಸ್ತಿ.

ಇಲ್ಲಿಗೆ ಬರುವಾಗ 2008ರಲ್ಲಿ ಹಣ ಕೊಟ್ಟವರ ದುಡ್ಡು ಕರಗಿತ್ತು. ಹಳೆಯ ಬೆಲೆಗೆ ಯಂತ್ರ ಮಾಡಿ ಕೊಟ್ಟರೆ ಪ್ರತಿಯೊಂದಕ್ಕೂ ನಷ್ಟ. ಆಗ ಹೊಳೆದ ಉಪಾಯ: ತಕ್ಷಣ ಬೇಕೆನ್ನುವವರಿಗೆ ಹೆಚ್ಚಿನ ಬೆಲೆಗೆ ಮಾರುವುದು, ಆ ಲಾಭದಲ್ಲಿ ಮೊದಲಿನಿಂದ ಕಾಯುತ್ತಿದ್ದವರ ಯಂತ್ರ ಮಾಡುವುದು. ಲೆಕ್ಕದ ಪುಸ್ತಕದಲ್ಲಿ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ವರ್ಷಗಟ್ಟಲೆ ಕಾದವನ ಕಣ್ಣೆದುರು ನಿನ್ನೆ ಬಂದವನು ಯಂತ್ರ ಒಯ್ಯುವುದನ್ನು ಯಾವ ಲೆಕ್ಕವೂ ಸಮಾಧಾನ ಮಾಡದು. ಸಹನೆ ಅಲ್ಲಿಗೆ ಮುಗಿಯಿತು. ಕೊನೆಗೆ ಪಂಡೋರಾ ಮಾರುತ್ತಿದ್ದ ಇಂಗ್ಲೆಂಡಿನ ಕಂಪನಿ ಮುಚ್ಚಿತು. ಯಂತ್ರವೂ ಬಾರದೆ, ಹಣವೂ ಮರಳದೆ ಉಳಿದವರಿದ್ದಾರೆ.

ಜರ್ಮನಿಯ ಪಾಲುದಾರರು 'ಪೈರಾ' ಎಂಬ ಹೆಸರಿನಲ್ಲಿ ಮುಂದಿನ ಯಂತ್ರಕ್ಕೆ 2016ರ ಮೇ ತಿಂಗಳಲ್ಲಿ ಮುಂಗಡ ತೆರೆದರು. 2020 ಕಳೆದರೂ ಕಾಯುತ್ತಿದ್ದವರು ಬಹಳ ಮಂದಿ. ಅದು ಬರುವ ಹೊತ್ತಿಗೆ ಅದರೊಳಗಿನ ಚಿಪ್‌ಗೆ ವಯಸ್ಸಾಗಿತ್ತು. ವಿಳಂಬದ ಈ ಮುಖವನ್ನು ಜನ ಹೆಚ್ಚು ಮಾತಾಡುವುದಿಲ್ಲ: ಯಂತ್ರ ಬಂದರೂ ನೀವು ಕೊಂಡದ್ದು ಬಂದಿರುವುದಿಲ್ಲ, ಯಾಕೆಂದರೆ ಅದೇ ಬೆಲೆಗೆ ಪೇಟೆಯಲ್ಲಿ ಅದಕ್ಕಿಂತ ಬಲವಾದದ್ದು ಸಿಗುತ್ತಿರುತ್ತದೆ.

ಅಷ್ಟರಲ್ಲಿ ಕ್ರೌಡ್‌ಫಂಡಿಂಗ್, ಅಂದರೆ ಇಂಟರ್ನೆಟ್ ತಾಣಗಳ ಮೂಲಕ ಬಹಳ ಜನರಿಂದ ಹಣ ಎತ್ತುವ ಕ್ರಮ, ಬಂದಿತ್ತು. ಇಂಡಿಗೋಗೋ 2008ರಲ್ಲಿ, ಕಿಕ್‌ಸ್ಟಾರ್ಟರ್ 2009ರಲ್ಲಿ ಶುರುವಾದವು. 'ಇದು ಅಂಗಡಿಯಲ್ಲ' ಎಂದು ಕಿಕ್‌ಸ್ಟಾರ್ಟರ್ 2012ರಲ್ಲಿ ಬಹಿರಂಗವಾಗಿ ಹೇಳಬೇಕಾಯಿತು ಎಂದರೆ ಜನ ಅದನ್ನು ಅಂಗಡಿಯೆಂದೇ ತಿಳಿದಿದ್ದರು ಎಂದರ್ಥ. ಇಂಗ್ಲೆಂಡಿನ 'ಸ್ಪೆಕ್ಟ್ರಮ್ ವೆಗಾ ಪ್ಲಸ್' 2016ರಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಹಣ ಎತ್ತಿತು. 2018ರಲ್ಲಿ ಕೆಲವರಿಗಷ್ಟೇ ಯಂತ್ರ ಬಂತು. 2019ರಲ್ಲಿ ಕಂಪನಿಯನ್ನು ಮುಚ್ಚಿಸಲಾಯಿತು. ಸ್ಪೇನಿನ 'ಸ್ಮ್ಯಾಕ್ ಝಡ್' ಕೂಡ 2016ರಲ್ಲೇ ಸುಮಾರು 4.7 ಲಕ್ಷ ಯೂರೊ ಸಂಗ್ರಹಿಸಿ, 2021ರಲ್ಲಿ ದಿವಾಳಿಯಾಯಿತು. ಅದೇ 2021ರ ಜುಲೈನಲ್ಲಿ ವಾಲ್ವ್ ಎಂಬ ದೊಡ್ಡ ಕಂಪನಿ 'ಸ್ಟೀಮ್ ಡೆಕ್' ಘೋಷಿಸಿತು. ಸ್ಮ್ಯಾಕ್ ಕಂಪನಿ ಐದು ವರ್ಷ ಕನಸು ಕಾಣಿಸಿದ್ದು ಅಂಥದ್ದೇ ಯಂತ್ರದ್ದು. ಸ್ಟೀಮ್ ಡೆಕ್‌ಗೂ ಎರಡು ತಿಂಗಳು ತಡವಾಯಿತು. ಆದರೆ ಸಾಲಿನಲ್ಲಿ ನಿಲ್ಲಲು ಕಟ್ಟಬೇಕಾಗಿದ್ದದ್ದು 5 ಡಾಲರ್ ಮಾತ್ರ, ಉಳಿದದ್ದನ್ನು ಯಂತ್ರ ಸಿದ್ಧವಾದಾಗ ಕೊಟ್ಟರೆ ಸಾಕಿತ್ತು. ಬಂಡವಾಳ ಇರುವವರಿಗೆ ಮಾತ್ರ ಹೀಗೆ ಮಾಡಲು ಸಾಧ್ಯ ಎಂಬುದನ್ನು ಒಪ್ಪಬೇಕು.

ಹಾಗೆಂದು ಸಣ್ಣವರೆಲ್ಲ ಗ್ರಾಹಕರನ್ನು ಕತ್ತಲೆಯಲ್ಲಿಟ್ಟರು ಎಂದಲ್ಲ. ಪ್ಯಾನಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಪಕ್ಕದಲ್ಲಿ ತಿರುಗಿಸುವ ಹಿಡಿಯಿರುವ ಪುಟ್ಟ ಹಳದಿ 'ಪ್ಲೇಡೇಟ್' ಅನ್ನು 2019ರಲ್ಲಿ 149 ಡಾಲರಿಗೆ ಎಂದು ಘೋಷಿಸಿತು. 2021ರ ಜುಲೈ 29ರಂದು ಮುಂಗಡ ತೆರೆದಾಗ ಬೆಲೆ 179 ಆಗಿತ್ತು. ಆದರೂ 20 ನಿಮಿಷದೊಳಗೆ 20,000 ಯಂತ್ರಗಳು ಬುಕ್ ಆದವು. ಅದೇ ನವೆಂಬರಿನಲ್ಲಿ, ಆಗಲೇ ತಯಾರಾಗಿದ್ದ 5,000 ಯಂತ್ರಗಳ ಬ್ಯಾಟರಿ ಕೆಟ್ಟಿರುವುದು ಗೊತ್ತಾಯಿತು. ಮುಂದಿನ ಕಂತಿನ ಯಂತ್ರಗಳಿಗೆ ಚಿಪ್ ಕೇಳಿದರೆ 730 ದಿನ ಕಾಯಬೇಕೆಂಬ ಉತ್ತರ. ಎರಡನ್ನೂ ಕಂಪನಿ ಇದ್ದಹಾಗೆ ಬರೆದು ತಿಳಿಸಿತು, ಸಿಗುವ ಚಿಪ್‌ಗೆ ಹೊಂದುವಂತೆ ಬೋರ್ಡನ್ನು ಹೊಸದಾಗಿ ವಿನ್ಯಾಸ ಮಾಡಿತು. ರವಾನೆ ಶುರುವಾದದ್ದು 2022ರ ಏಪ್ರಿಲ್‌ನಲ್ಲಿ. 2023ರಲ್ಲಿ ಬೆಲೆಯನ್ನು 199 ಡಾಲರಿಗೆ ಏರಿಸುವಾಗಲೂ ಏಪ್ರಿಲ್ 7ರಿಂದ ಎಂದು ಮುಂಚೆಯೇ ಸಾರಿ, ಅಲ್ಲಿಯವರೆಗೆ ಹಳೆಯ ಬೆಲೆಗೇ ಆರ್ಡರ್ ತೆಗೆದುಕೊಂಡಿತು. ಅನಲಾಗ್ ಕಂಪನಿಯ 'ಪಾಕೆಟ್' ಸಹ 2020ರ ಆಗಸ್ಟ್‌ನಲ್ಲಿ 199 ಡಾಲರಿಗೆ ಮುಂಗಡ ಪಡೆದು, 2021ರ ಮೇ ಎಂದದ್ದು ಡಿಸೆಂಬರಿಗೆ ಹೋಯಿತು. ಬೆಲೆ 219 ಆದದ್ದು ಹೊಸಬರಿಗೆ, ಕಾದವರಿಗೆ ಹಳೆಯದೇ.

'ತಡ ಆದ್ರೆ ಅಡ್ಡಿಲ್ಲೆ, ಹೇಳವು' (ತಡವಾದರೆ ಅಡ್ಡಿಯಿಲ್ಲ, ಹೇಳಬೇಕು) ಎನ್ನುವುದು ಶಿರಸಿ ಕಡೆಯ ಮಾತಿನ ರೀತಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಕರಾವಳಿಯ ಸರಕು ಸಾಗಾಟ ಅಸ್ತವ್ಯಸ್ತವಾಯಿತು. ಹೋದ ಜೀವಗಳ ಮುಂದೆ ಪಾರ್ಸೆಲ್‌ನ ಮಾತೇ ಸಲ್ಲದು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾರಣ ಕಣ್ಣೆದುರು ಇದ್ದಾಗ ಜನ ಕಾಯುತ್ತಾರೆ.

ಇನ್ನು ಬೆಲೆ. ವಿದೇಶದ ಗ್ರಾಹಕ ಸಿಟ್ಟಾಗುವುದು 20 ಡಾಲರ್ ಏರಿಕೆಗೆ. ನಮ್ಮವರ ಲೆಕ್ಕ ಅಲ್ಲಿಂದ ಶುರು. ಸ್ವಂತ ಬಳಕೆಗೆಂದು ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವ ವಸ್ತುವಿಗೆ ಆ ವರ್ಷಗಳಲ್ಲಿ ಶೇ 35 ಮೂಲ ಸುಂಕ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಇವೆಲ್ಲ ಸೇರಿದ ಮೊತ್ತದ ಮೇಲೆ ಶೇ 28 ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) ಇತ್ತು. ಕೂಡಿದರೆ ಶೇ 77.28. ಅದೂ ಯಂತ್ರದ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. 200 ಡಾಲರಿನ ಯಂತ್ರ, 40 ಡಾಲರ್ ಸಾಗಣೆ ಎಂದಿಟ್ಟುಕೊಳ್ಳಿ. 2021ರ ಕೊನೆಯ ದರದಲ್ಲಿ, ಡಾಲರಿಗೆ 75 ರೂಪಾಯಿಯಂತೆ, 18,000 ರೂಪಾಯಿ. ಸುಂಕ 13,910. ಕಾರವಾರದ ಮನೆಬಾಗಿಲಿಗೆ ಬರುವಾಗ ಅದು 31,910 ರೂಪಾಯಿಯ ಯಂತ್ರ. ಹೊರದೇಶದಲ್ಲಿರುವ ಅಣ್ಣನೋ ಅಕ್ಕನೋ ಉಡುಗೊರೆಯೆಂದು ಕಳಿಸಿದರೆ ಸುಂಕವಿಲ್ಲ ಎಂಬ ದಾರಿಯೂ 2019ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು.

ಈಗ ಸುಂಕ ಇಳಿದಿದೆ. 2025ರ ಸೆಪ್ಟೆಂಬರಿನಲ್ಲಿ ಶೇ 28ರ ಜಿಎಸ್‌ಟಿ ಹಂತವನ್ನು ತೆಗೆದರು. ಅಷ್ಟರಲ್ಲಾಗಲೇ ಶೇ 20ಕ್ಕೆ ಇಳಿದಿದ್ದ ಸ್ವಂತ ಬಳಕೆಯ ಆಮದಿನ ಮೂಲ ಸುಂಕವನ್ನು ಶೇ 10ಕ್ಕೆ ಇಳಿಸುವುದಾಗಿ 2026ರ ಬಜೆಟ್ ಘೋಷಿಸಿತು. ಆದರೆ ಡಾಲರ್ 90 ರೂಪಾಯಿ ದಾಟಿದೆ. ಮುಂಗಡ ಸ್ವಲ್ಪ ಕಟ್ಟಿ, ಬಾಕಿಯನ್ನು ರವಾನೆಯ ಹೊತ್ತಿಗೆ ಕೊಡುವ ಕರಾರಿನಲ್ಲಿ ವಿಳಂಬವೇ ಬೆಲೆ ಏರಿಕೆಯಾಗುತ್ತದೆ. ಕಂಪನಿ ಒಂದು ಸೆಂಟ್ ಏರಿಸದಿದ್ದರೂ ಶಿರಸಿಯವನು ಹೆಚ್ಚು ಕೊಡುತ್ತಾನೆ.

ಯಂತ್ರ ಕೆಟ್ಟರೆ ಇನ್ನೊಂದು ಸಂಕಟ. ಲಿಥಿಯಂ ಬ್ಯಾಟರಿ ಇರುವ ವಸ್ತುವನ್ನು ವಿಮಾನದಲ್ಲಿ ಕಳಿಸಲು ಅಪಾಯಕಾರಿ ಸರಕಿನ ನಿಯಮಗಳಿವೆ. ಊರಿನ ಕೊರಿಯರ್ ಕೌಂಟರಿನಲ್ಲಿ ಅದನ್ನು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ರಿಪೇರಿಯಾಗಿ ಮರಳುವಾಗ ಸರಿಯಾದ ಕಾಗದಪತ್ರ ಇಲ್ಲದಿದ್ದರೆ ಮತ್ತೆ ಸುಂಕ ಕಟ್ಟುವ ಪರಿಸ್ಥಿತಿ. ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯ ತೇವಕ್ಕೆ ಚಾರ್ಜಿಂಗ್ ಪೋರ್ಟ್ ಕಿಲುಬು ಹಿಡಿಯುವುದು ಇಲ್ಲಿ ಸಾಮಾನ್ಯ. ಹೀಗಾಗಿ ವಾರಂಟಿ ಎಂಬುದು ಇಲ್ಲಿನವರಿಗೆ ಬಹುಪಾಲು ಕಾಗದದ ಮೇಲಷ್ಟೇ ಇದೆ.

2025ರಲ್ಲಿ ಈ ಜಗಳಕ್ಕೆ ಎರಡು ಹೊಸ ಕಾರಣಗಳು ಸೇರಿಕೊಂಡವು. ಚೀನಾದಿಂದ ಬರುವ ಸಣ್ಣ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಮೇ ತಿಂಗಳಲ್ಲಿ ತೆಗೆದುಹಾಕಿತು; ಅಗ್ಗದ ಹ್ಯಾಂಡ್‌ಹೆಲ್ಡ್ ಮಾಡುವ ಚೀನಾದ ಕಂಪನಿಗಳ ದೊಡ್ಡ ಮಾರುಕಟ್ಟೆಯೇ ಅಲುಗಾಡಿತು. ವರ್ಷದ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡದ್ದರಿಂದ ಅವುಗಳ ಬೆಲೆ ಏರಿತು. ಅಗ್ಗದ ಪುಟ್ಟ ಕಂಪ್ಯೂಟರ್ ಬೋರ್ಡುಗಳಿಗೆ ಹೆಸರಾದ ರಾಸ್ಪ್‌ಬೆರಿ ಪೈ ಸಹ ಬೆಲೆ ಏರಿಸಿತು. ಲಕ್ಷಗಟ್ಟಲೆ ಚಿಪ್ ಕೊಳ್ಳುವವರಿಗೆ ಮೊದಲ ಪಾಲು, ಸಾವಿರ ಕೊಳ್ಳುವವನಿಗೆ ಉಳಿದದ್ದು. ಹೋದ ವರ್ಷದ ಮೆಮೊರಿ ಬೆಲೆ ನಂಬಿ ಮುಂಗಡ ಪಡೆದ ಸಣ್ಣ ಕಂಪನಿಗೆ ಪಂಡೋರಾ ಬಂದು ನಿಂತ ಜಾಗವೇ ಈಗ ಎದುರಾಗುತ್ತದೆ: ನಷ್ಟಕ್ಕೆ ಕೊಡಬೇಕು, ಇಲ್ಲವೇ ಕಾದವರನ್ನು ಇನ್ನಷ್ಟು ಕಾಯಿಸಬೇಕು. ಕಾದವರಿಗೆ ಈ ಲೆಕ್ಕವನ್ನು ಬಿಚ್ಚಿ ತೋರಿಸಿ, ಹಣ ವಾಪಸ್ ಬೇಕೇ ಎಂದು ಕೇಳುವ ಕಂಪನಿಗೆ ನಾನು ಗೌರವ ಕೊಡುತ್ತೇನೆ. ಹೊಸ ಬಣ್ಣದ ಯಂತ್ರ ತೋರಿಸಿ ಹೊಸ ಮುಂಗಡ ಎತ್ತುವವರಿಗೆ ಅಲ್ಲ.

ಸಿಟ್ಟಾದವರು ಏನು ಮಾಡಬಹುದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ಜಿಲ್ಲಾ ಆಯೋಗ ಕಾರವಾರದಲ್ಲಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. 1915 ಸಹಾಯವಾಣಿಯೂ ಇದೆ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಕಂಪನಿಗೂ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಆದರೆ ಇಲ್ಲಿ ಕಚೇರಿಯೇ ಇಲ್ಲದ ಕಂಪನಿಯಿಂದ ಆದೇಶದಂತೆ ಹಣ ವಸೂಲು ಮಾಡುವುದು ಕಷ್ಟ. ಕೈಗೆಟಕುವ ದಾರಿ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ಹಣದ ವಾಪಸಾತಿ, ಕೇಳುವುದು. ಅದಕ್ಕೆ ಗಡುವಿದೆ: ವೀಸಾ ಕಾರ್ಡಿನ ನಿಯಮದಲ್ಲಿ, ಸಾಮಾನು ಬರಬೇಕಿದ್ದ ದಿನದಿಂದ 120 ದಿನ, ಹಣ ಕೊಟ್ಟ ದಿನದಿಂದ ಹೆಚ್ಚೆಂದರೆ 540 ದಿನ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದಂದಿನಿಂದ ಎರಡು ವರ್ಷ. 'ಮುಂದಿನ ತಿಂಗಳು' ಎಂಬ ಇಮೇಲ್‌ಗಳನ್ನು ನಂಬಿ ಕೂತವರ ಈ ಎರಡೂ ಗಡುವುಗಳು ಮೆಲ್ಲಗೆ ದಾಟಿಹೋಗುತ್ತವೆ. ಪಂಡೋರಾದ ಮೊದಲ ಯಂತ್ರ ಹೊರಡುವಷ್ಟರಲ್ಲಿ, ಇಂದಿನ ನಿಯಮವಾಗಿದ್ದರೆ, 540 ದಿನ ಮುಗಿದಿರುತ್ತಿತ್ತು. ಮುಂಗಡ ಕಟ್ಟಿದ ದಿನಾಂಕ, ಕಂಪನಿ ಹೇಳಿದ ರವಾನೆಯ ದಿನಾಂಕ, ಬಂದ ಪ್ರತಿಯೊಂದು ಇಮೇಲ್, ಇವನ್ನು ಈಗಲೇ ತೆಗೆದಿಟ್ಟುಕೊಂಡು, ಗಡುವು ಮುಗಿಯುವ ಮೊದಲು ಬ್ಯಾಂಕಿಗೆ ಬರೆಯಿರಿ.